ಪಡಸಾಲೆಯ ಗೋಡೆಯ ಮೇಲೆ ತಲೆಕೆಳಗಾದ ಓಣಿ

ಪ್ರಶ್ನೆ: ನಮ್ಮದು ಹಳೇ ಮಾಳಿಗೆ ಮನೆ. ಮೊನ್ನೆ ಮಧ್ಯಾಹ್ನ ಕದ ಹಾಕಿಕೊಂಡು ಪಡಸಾಲೆಯಲ್ಲಿ ಅಡ್ಡಾಗಿದ್ದಾಗ ಓಣಿಯಲ್ಲಿ ಹೋಗುವವರು ಎದುರು ಗೋಡೆಯ ಮೇಲೆ ಬಣ್ಣದಲ್ಲೇ ತಲೆಕೆಳಗಾಗಿ ನಡೆದದ್ದು ಕಂಡಿತು. ಮೊಮ್ಮಕ್ಕಳನ್ನು ಕರೆಯುವಷ್ಟರಲ್ಲಿ ಮಾಯ! ಮತ್ತೆ ಕಾಣುವಂತೆ ಮಾಡಬಹುದೇ?
– ಓದುಗರು, ಗದಗ-ಬೆಟಗೇರಿ

ಉತ್ತರ: ಧಾರಾಳವಾಗಿ ಮಾಡಬಹುದು. ನಿಮ್ಮ ಕದದಲ್ಲಿ ಮೊಳೆ ಕಿತ್ತುಹೋದ ತೂತೊಂದು ಇರಬೇಕು. ಬೆಳಕು ನೆಟ್ಟಗೆ ಹರಿಯುವುದರಿಂದ ದಾರಿಹೋಕರ ತಲೆಯ ಬೆಳಕು ತೂತಿನಲ್ಲಿ ತೂರಿ ಕೆಳಗಿಳಿಯುತ್ತದೆ, ಕಾಲಿನದು ಮೇಲೇರುತ್ತದೆ. ಹಂಪಿಯ ವಿರೂಪಾಕ್ಷ ಗುಡಿಯೊಳಗೆ ರಾಜಗೋಪುರ ತಲೆಕೆಳಗಾಗಿ ಮೂಡುವುದೂ ಹೀಗೆಯೇ. ಮೋಡ ಮುಚ್ಚಿದರೆ, ಇಲ್ಲವೇ ಹಿತ್ತಲ ಬಾಗಿಲು ತೆರೆದರೆ ಚಿತ್ರ ಅಳಿಸಿಹೋಗುತ್ತದೆ.

ಹೊತ್ತು ನೋಡಿಕೊಳ್ಳಿ. ಕದ ಮೂಡಲಿಗಿದ್ದರೆ ಮಧ್ಯಾಹ್ನ 3ರಿಂದ 5, ಪಡುವಲಿಗಿದ್ದರೆ ಬೆಳಿಗ್ಗೆ 8ರಿಂದ 10. ಆಗಲೇ ಎದುರು ಮನೆಗಳ ಮೋರೆಗೆ ಬಿಸಿಲು ಬೀಳುವುದು. ಕದದ ಕೆಳಗಿನ ಸಂದಿಗೆ ಚಾದರ ಒತ್ತಿ, ಬೆಳಕಿಂಡಿ ಮುಚ್ಚಿ. ಲಗ್ನಪತ್ರಿಕೆಯಂಥ ತೆಳು ರಟ್ಟಿನಲ್ಲಿ ದಬ್ಬಣದಿಂದ 5 ಮಿಲಿಮೀಟರ್ ಅಗಲದ ತೂತು ಮಾಡಿ, ಓಣಿ ಕಡೆಯ ಕಿಟಕಿಯನ್ನು ಒಂದು ಸಣ್ಣ ಕಿಂಡಿ ಬಿಟ್ಟು ಪೂರ್ತಿ ಮುಚ್ಚಿ, ಆ ಕಿಂಡಿಗೆ ರಟ್ಟು ಅಂಟಿಸಿ. ಕದದ ತೂತನ್ನೂ ಮುಚ್ಚಿ. ದಪ್ಪ ರಟ್ಟು ಬೇಡ, ತೂತು ಕೊಳವೆಯಂತಾಗಿ ಚಿತ್ರದ ಅಂಚು ಕಪ್ಪಾಗುತ್ತದೆ. ತೂತು ದೊಡ್ಡದಾದರೆ ಚಿತ್ರ ಮಸುಕು, ತೀರಾ ಸಣ್ಣದಾದರೆ ಮಂಕು.

ಮನೆಯೊಳಗೆ, ರಟ್ಟಿನಿಂದ ಒಂದು ಮೀಟರ್ ದೂರದಲ್ಲಿ ತೆಳು ಬಿಳಿ ಧೋತರ ಬಿಗಿಯಾಗಿ ಕಟ್ಟಿ. ಹೊರಗೆ 5 ಮೀಟರ್ ದೂರದಲ್ಲಿ ನಿಂತ ಒಂದೂವರೆ ಮೀಟರ್ ಎತ್ತರದವರು ಅದರ ಮೇಲೆ ಸುಮಾರು 30 ಸೆಂಟಿಮೀಟರ್ ಆಗಿ ಬೀಳುತ್ತಾರೆ. ಬಹಳ ಮಂದಿ ಎಡವುವುದು ಇಲ್ಲಿ: ಒಳಬಂದ ಕೂಡಲೇ ‘ಏನೂ ಕಾಣವಲ್ದು’ ಎಂದು ಎದ್ದುಬಿಡುತ್ತಾರೆ. ಕತ್ತಲೆಗೆ ಕಣ್ಣು ಒಗ್ಗಲು ಹತ್ತು ನಿಮಿಷ ಬೇಕು. ಮೊದಲು ಆಕಾಶದ ನೀಲಿ ಧೋತರದ ಕೆಳಗಡೆ ತೋರುತ್ತದೆ, ಆಮೇಲೆ ಯಾರದೋ ಕೆಂಪು ಸೀರೆ ಮೇಲಂಚಿಗೆ ಜೋತುಬಿದ್ದಂತೆ ಸಾಗುತ್ತದೆ. ಆ ಗಳಿಗೆ ಮಕ್ಕಳ ಮುಖವನ್ನೂ ನೋಡಿ. ಧೋತರದ ಹಿಂದಿನಿಂದ (ತೂತಿಲ್ಲದ ಬದಿಯಿಂದ) ಮೊಬೈಲಿನಲ್ಲಿ ಫೋಟೋ ತೆಗೆದು ತಿರುವಿ ಹಿಡಿದರೆ ಎದುರಂಗಡಿಯ ಬೋರ್ಡು ನೆಟ್ಟಗೆ ಓದಲು ಬರುತ್ತದೆ. ಮುಂದಿನಿಂದ ತೆಗೆದರೆ ಅಕ್ಷರ ಕನ್ನಡಿಯಲ್ಲಿದ್ದಂತೆ ಉಲ್ಟಾ.

ತಗಡಿನ ಚಪ್ಪರದ ತೂತಿನಿಂದ ಬೀಳುವ ದುಂಡು ಬಿಸಿಲು ಕೂಡ ಚಿತ್ರವೇ, ಸೂರ್ಯನದು. ತೂತು ಮೂರು ಮೂಲೆಯದಿದ್ದರೂ, ಸಣ್ಣದಿದ್ದರೆ ಸಾಕು, 3 ಮೀಟರ್ ದೂರದಲ್ಲಿ ಬೆಳಕಿಗೆ ಎದುರಾಗಿ ಹಿಡಿದ ಕಾಗದದ ಮೇಲೆ ಹೆಚ್ಚುಕಡಿಮೆ 10 ರೂಪಾಯಿ ನಾಣ್ಯದಷ್ಟು ದುಂಡಗೆ ಬೀಳುತ್ತದೆ. ತೂತಿನಲ್ಲಿ ಕಣ್ಣಿಟ್ಟು ಸೂರ್ಯನನ್ನು ಮಾತ್ರ ನೋಡಬೇಡಿ. 2027ರ ಆಗಸ್ಟ್ 2ರ ಸಂಜೆ ಪಾರ್ಶ್ವ ಗ್ರಹಣವಿದೆ. ಮೋಡ ಸರಿದರೆ ಈ ನಾಣ್ಯಗಳೆಲ್ಲ ಒಂದು ಕಡೆ ಮುರಿದ ರೊಟ್ಟಿಯಂತೆ ಕಾಣುತ್ತವೆ.