ವಿಜ್ಞಾನಿಗಳು ಹೆಲ್ಮೆಟ್ ಯಾಕೆ ತೆಗೀತಾರೆ?

ಸೈ-ಫೈ ಹಾರರ್ ಸಿನಿಮಾಗಳಲ್ಲಿ ವಿಜ್ಞಾನಿಗಳು ಯಾಕಷ್ಟು ದಡ್ಡರ ಹಾಗೆ ಆಡ್ತಾರೆ ಅಂತ ಕೇಳಿದ್ದೀರಿ. ಮುಖ್ಯ ಕಾರಣ ಕಥೆಯ ಅಗತ್ಯ: ಅವರು ಹುಷಾರಾಗಿದ್ದರೆ ಹೆದರಿಸೋ ಜೀವಿ ಹೊರಗೇ ಬರಲ್ಲ. ಜೊತೆಗೆ, ಹೆಲ್ಮೆಟ್ ಹಾಕಿದರೆ ನಟರ ಮುಖ ಸರಿಯಾಗಿ ಕಾಣಲ್ಲ.

2012ರ 'ಪ್ರಮೀತಿಯಸ್' ಸಿನಿಮಾ ನೋಡಿ. ಅನ್ಯಲೋಕದ ಕಟ್ಟಡದೊಳಗಿನ ಗಾಳಿ ಉಸಿರಾಡಬಹುದು ಅಂತ ಗೊತ್ತಾದದ್ದೇ ತಡ, ವಿಜ್ಞಾನಿಗಳು ಹೆಲ್ಮೆಟ್ ತೆಗೀತಾರೆ. ಆಮೇಲೆ ಹೆಡೆ ಬಿಚ್ಚಿದ ಹಾವಿನಂಥ ಪ್ರಾಣಿಗೆ ಜೀವಶಾಸ್ತ್ರಜ್ಞನೇ ಕೈ ಚಾಚುತ್ತಾನೆ! ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡೋರು ಯಾರೂ ಹಾಗೆ ಮಾಡಲ್ಲ.

ನಾನು ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದವನು. ನಿರುಪದ್ರವಿ ಬ್ಯಾಕ್ಟೀರಿಯಾ ಇದ್ದ ಪೆಟ್ರಿ ತಟ್ಟೆಯ ಮುಚ್ಚಳವನ್ನೂ ಬರ್ನರ್ ಉರಿಯ ಪಕ್ಕದಲ್ಲೇ, ಒಂದು ಬೆರಳಷ್ಟು ಮಾತ್ರ ಎತ್ತಬೇಕಿತ್ತು. ಕೆಲಸ ಮುಗಿದ ತಟ್ಟೆಗಳು ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಹಬೆಯಲ್ಲಿ ಬೆಂದ ಮೇಲೇ ಕಸಕ್ಕೆ. 1969ರಲ್ಲಿ ಚಂದ್ರನಿಂದ ಮರಳಿದ ಅಪೊಲೊ 11ರ ಮೂವರು ಗಗನಯಾತ್ರಿಗಳನ್ನೂ ಕ್ವಾರಂಟೈನ್‌ನಲ್ಲಿ ಇಟ್ಟಿದ್ದರು, ಚಂದ್ರನಲ್ಲಿ ಜೀವವೇ ಇರಲಿಕ್ಕಿಲ್ಲ ಅನ್ನೋ ಅಂದಾಜಿದ್ದರೂ.

ನಿಜವಾದ ವಿಜ್ಞಾನಿಗಳೂ ತಪ್ಪು ಮಾಡ್ತಾರೆ, ಆದರೆ ದಣಿವಿನಲ್ಲಿ, ಅವಸರದಲ್ಲಿ, ಮೇಲಿನವರ ಒತ್ತಡದಲ್ಲಿ. ರಾತ್ರಿ ಹನ್ನೊಂದಕ್ಕೆ ಕಣ್ಣೆಳೆಯುವಾಗ ಕೈಗವಸು ಹರಿದದ್ದೇ ಗಮನಕ್ಕೆ ಬರದಿರುವುದು. ಅಂಥ ದೃಶ್ಯ ತೆಗೆದರೆ ನಾನಂತೂ ನಿಜಕ್ಕೂ ಹೆದರ್ತೀನಿ.