ಬಿಸಿನೀರಿನ ಪಾತ್ರೆಯಿಂದ ಶುರುಮಾಡಿ

ಓದುಗರೊಬ್ಬರ ಪತ್ರ: ‘ನನ್ನ ಅಮ್ಮ ಮಲೆನಾಡಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ಎಎನ್‌ಎಂ (ಸಹಾಯಕ ದಾದಿ) ಆಗಿದ್ದರು. ಊರಿಗೆಲ್ಲ ನರ್ಸಮ್ಮ. ಸೇವೆಯ ಕೊನೆಯ 18 ವರ್ಷ ರುಮಟಾಯ್ಡ್ ಸಂಧಿವಾತದ ಜೊತೆಗೇ ದುಡಿದರು. ಬರುವ ತಿಂಗಳು ಅವರ ವರ್ಷಾಂತಿಕ. ನೆನಪಿನ ಲೇಖನ ಕಳಿಸಿದರೆ ತಿದ್ದಿ ಬರೆಯಿರಿ ಎಂದು ವಾಪಸ್ ಕಳಿಸಿದಿರಿ. ಅಮ್ಮನ ನೆನಪಿನಲ್ಲೂ ತಪ್ಪು ಹುಡುಕುವುದೇ?’

ಸಂಪಾದಕರ ಉತ್ತರ: ನೆನಪಿನಲ್ಲಿ ತಪ್ಪಿಲ್ಲ, ಬರೆದದ್ದರಲ್ಲಿ ಇದೆ. ಕಾರಣ ಹೇಳದೆ ಎರಡೇ ಸಾಲು ಗೀಚಿ ವಾಪಸ್ ಕಳಿಸಿದ್ದು ನಮ್ಮ ತಪ್ಪು. ಈಗ ಬಿಡಿಸಿ ಹೇಳುತ್ತೇವೆ.

ನಿಮ್ಮ ಮೊದಲ ಪುಟದಲ್ಲಿ ‘ತ್ಯಾಗಮಯಿ’ ನಾಲ್ಕು ಸಲ ಬಂದಿದೆ, ‘ಕರುಣಾಮೂರ್ತಿ’ ಎರಡು ಸಲ. ಆ ಪುಟಕ್ಕೆ ಯಾರ ಅಮ್ಮನ ಹೆಸರು ಹಾಕಿದರೂ ನಡೆಯುತ್ತದೆ. ಮೂರನೇ ಪುಟದ ತಳದಲ್ಲಿ ಮಾತ್ರ, ಬೇಡವೋ ಬೇಕೋ ಎಂಬಂತೆ, ಒಂದು ಸಾಲಿದೆ: ‘ಲಸಿಕೆ ದಿನ ಅಮ್ಮ 5 ಗಂಟೆಗೇ ಎದ್ದು ಕೈಯನ್ನು ಬಿಸಿನೀರಲ್ಲಿ ಅದ್ದಿಕೊಂಡು ಕೂರುತ್ತಿದ್ದರು.’ ನಿಮ್ಮ ಲೇಖನ ಇರುವುದು ಅಲ್ಲಿ.

ಯಾಕೆ ಅಂದರೆ, ಈ ಕಾಯಿಲೆ ಮೊದಲು ಹಿಡಿಯುವುದು ಸಾಮಾನ್ಯವಾಗಿ ಬೆರಳಿನ ಬುಡದ ಗೆಣ್ಣು, ನಡುವಿನ ಗೆಣ್ಣು ಮತ್ತು ಮಣಿಕಟ್ಟನ್ನು. ಅದೂ ಎರಡೂ ಕೈಯಲ್ಲಿ. ಬೆಳಗ್ಗೆ ಎದ್ದಾಗ ಕೈ ಮರಗಟ್ಟಿರುತ್ತದೆ, ಮುಷ್ಟಿ ಕಟ್ಟಲಾಗುವುದಿಲ್ಲ. ಸಡಿಲಾಗಲು ಒಂದು ತಾಸು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಹಾಗಾಗಿ ಅವರು 5 ಗಂಟೆಗೆ ಎದ್ದದ್ದು ಶಿಸ್ತಿಗಲ್ಲ, ಲೆಕ್ಕಕ್ಕೆ. ಕೂಸುಗಳು ಬರುವ ಹೊತ್ತಿಗೆ ಬೆರಳು ಮಾತು ಕೇಳಬೇಕಿತ್ತು.

ಯಾವ ಕೆಲಸಕ್ಕೆ ಕೇಳಬೇಕಿತ್ತು ಎಂಬುದನ್ನೂ ಬರೆಯಿರಿ. ಕ್ಷಯದ ವಿರುದ್ಧದ ಬಿಸಿಜಿ ಚುಚ್ಚುಮದ್ದನ್ನು ಮಾಂಸಕ್ಕಲ್ಲ, ಚರ್ಮದ ಪದರದೊಳಕ್ಕೇ ಕೊಡಬೇಕು. ತಿಂಗಳೊಳಗಿನ ಕೂಸಿಗೆ ಪ್ರಮಾಣ 0.05 ಎಂ.ಎಲ್. ಎಡತೋಳಿನ ಚರ್ಮವನ್ನು ಒಂದು ಕೈಯಿಂದ ಬಿಗಿಹಿಡಿದು, ಸೂಜಿಯನ್ನು ಹೆಚ್ಚುಕಡಿಮೆ ಚರ್ಮಕ್ಕೆ ಮಲಗಿಸಿದಂತೆ ತೂರಿಸಿ ನಿಧಾನ ಒತ್ತಿದರೆ ಸುಮಾರು 5 ಮಿಲಿಮೀಟರಿನ ಬಿಳಿಯ ಗುಳ್ಳೆ ಏಳುತ್ತದೆ. ಗುಳ್ಳೆ ಏಳದಿದ್ದರೆ ಸೂಜಿ ಆಳಕ್ಕೆ ಹೋಗಿದೆ ಎಂದರ್ಥ, ಅಲ್ಲಿ ಕೀವು ಕಟ್ಟಬಹುದು. ಒದ್ದಾಡುವ ಕೂಸು, ಊದಿದ ಗೆಣ್ಣು, ಆ ಒಂದು ಗುಳ್ಳೆ. ಇಷ್ಟು ಬರೆದ ಮೇಲೆ ‘ಕರುಣಾಮೂರ್ತಿ’ ಬೇಕಾಗುವುದೇ ಇಲ್ಲ.

‘ಐಸ್ ಡಬ್ಬಿ ಹೊತ್ತು ಹಳ್ಳಿ ಹಳ್ಳಿ ಅಲೆದರು’ ಎಂದಿದ್ದೀರಿ. ಆ ಡಬ್ಬಿಯ ಮುಚ್ಚಳವನ್ನೂ ತೆಗೆಯಿರಿ. ಒಳಗೆ ನಾಲ್ಕು ಐಸ್ ಪ್ಯಾಕ್, ನಡುವೆ ಲಸಿಕೆ ಸೀಸೆಗಳು. ಶಾಖ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಫ್ರೀಜರಿನಿಂದ ತೆಗೆದ ಪ್ಯಾಕನ್ನು ಹಾಗೇ ಇಟ್ಟರೆ ಐದು ರೋಗಕ್ಕೆ ಒಟ್ಟಿಗೆ ಕೊಡುವ ಪೆಂಟಾವೇಲೆಂಟಿನಂಥ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಅದಕ್ಕೇ ಪ್ಯಾಕನ್ನು ಹೊರಗಿಟ್ಟು, ಬೆವರತೊಡಗಿದ ಮೇಲೆ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲೇ ಡಬ್ಬಿಗೆ ಸೇರಿಸುವುದು. ಅಮ್ಮ ಹಾಗೆ ಅಲ್ಲಾಡಿಸಿದ್ದನ್ನು ನೀವು ನೋಡಿರಲೇಬೇಕು. ಆಂಪೂಲಿನ (ಮದ್ದಿನ ಪುಟ್ಟ ಗಾಜಿನ ಸೀಸೆಯ) ಕತ್ತು ಮುರಿಯುವುದಕ್ಕೆ, ಬಿ.ಪಿ. ಯಂತ್ರದ ರಬ್ಬರು ಉಂಡೆ ಹಿಚುಕುವುದಕ್ಕೆ ಕೊನೆಕೊನೆಗೆ ಯಾರ ಕೈ ನೆರವಾಯಿತು? ಅವರ ಜೊತೆಗಿದ್ದ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಮನೆಯವರಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ.

ಇನ್ನು ಎರಡು ತಪ್ಪು. ಇವನ್ನು ತಿದ್ದದೆ ಅಚ್ಚು ಹಾಕಲಾರೆವು. ‘ವಯೋಸಹಜ ಸಂಧಿವಾತ’ ಎಂದಿದ್ದೀರಿ. ವಯಸ್ಸಿನೊಂದಿಗೆ ಮಂಡಿ ಸವೆಯುವುದು ಬೇರೆ, ಇದು ಬೇರೆ. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಮೂವತ್ತು–ನಲವತ್ತರಲ್ಲೇ ಶುರುವಾದವರು ಬೇಕಾದಷ್ಟಿದ್ದಾರೆ, ಅವರಲ್ಲಿ ಹೆಂಗಸರೇ ಹೆಚ್ಚು.

ಎರಡನೆಯದು ಅಪಾಯದ್ದು. ‘ದಿನಾ ಮೆಥೋಟ್ರೆಕ್ಸೇಟ್ ನುಂಗುತ್ತಿದ್ದರು’ ಎಂದಿದೆ. ಈ ಕಾಯಿಲೆಗೆ ಆ ಮಾತ್ರೆ ವಾರಕ್ಕೊಮ್ಮೆ, ಗೊತ್ತುಮಾಡಿದ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಬಾಯಿಹುಣ್ಣು, ರಕ್ತಕಣಗಳ ಕುಸಿತ. ಜೀವ ಹೋದದ್ದೂ ಉಂಟು. ನಿಮ್ಮ ಲೇಖನವನ್ನು ಇದೇ ಕಾಯಿಲೆಯವರು ಮೊದಲು ಓದುತ್ತಾರೆ. ದಿನವೂ ನುಂಗಿದ್ದು ಹೈಡ್ರಾಕ್ಸಿಕ್ಲೋರೋಕ್ವಿನ್ ಇರಬಹುದು. ಹಳೆಯ ಚೀಟಿ ನೋಡಿ. ಸಿಗದಿದ್ದರೆ ಔಷಧದ ಹೆಸರನ್ನೇ ಬಿಡಿ.

‘ನೋವನ್ನೆಲ್ಲ ನಗುನಗುತ್ತಾ ಸಹಿಸಿದರು’ ಎಂಬುದನ್ನು ನಾವು ನಂಬುವುದಿಲ್ಲ. ಈ ಕಾಯಿಲೆಯ ಸುಸ್ತು ನಿದ್ದೆಯಿಂದ ಹೋಗುವಂಥದ್ದಲ್ಲ. ಸಿಡುಕಿರುತ್ತಾರೆ, ಜಡೆ ಹೆಣೆಯಲಾಗದೆ ಬಾಚಣಿಗೆ ಎಸೆದಿರುತ್ತಾರೆ. ಅದನ್ನೂ ಬರೆದರೆ ಅಮ್ಮ ಸಣ್ಣವರಾಗುವುದಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ಪ್ಯಾರಾ ತೆಗೆಯಿರಿ. ಬಿಡಲು ಮನಸ್ಸಿಲ್ಲದಿದ್ದರೆ ದೀಪ ಹಿಡಿದವಳು ಸಾಕು, ಹಾಸಿಗೆಯವಳನ್ನು ತನ್ನಿ. 1856ರಲ್ಲಿ ಯುದ್ಧರಂಗದಿಂದ ಮರಳಿದ ಮರುವರ್ಷವೇ ಆಕೆ ಹಾಸಿಗೆ ಹಿಡಿದಳು. ಆಮೇಲೆ ವರ್ಷಗಟ್ಟಲೆ ಹೆಚ್ಚಾಗಿ ಮಂಚದ ಮೇಲಿಂದಲೇ ಆಸ್ಪತ್ರೆಗಳ ಬಗ್ಗೆ, ಭಾರತದ ಸೇನಾ ಶಿಬಿರಗಳ ನೈರ್ಮಲ್ಯದ ಬಗ್ಗೆ ಬರೆದಳು. ನಿಮ್ಮ ಅಮ್ಮನಿಗೆ ಹತ್ತಿರದವಳು ಅವಳು.

ಹೆರಿಗೆ ಮಾಡಿಸಿದ ಹೆಂಗಸರ ಹೆಸರನ್ನು ಅಮ್ಮನ ಡೈರಿಯಿಂದ ಎತ್ತಿ ಬರೆದಿದ್ದೀರಿ. ಹೆಸರೂ ಬೇಡ, ಗುರುತು ಸಿಗುವ ವಿವರವೂ ಬೇಡ. ಡೈರಿ ಅಮ್ಮನದೇ ಆದರೂ ಅದರೊಳಗಿನ ಸಂಗತಿ ಆ ಹೆಂಗಸರದು.

ಫೋಟೊ: ಆಲ್ಬಮ್ಮಿನ ಗಾಜಿನ ಕಾಗದದ ಮೇಲಿಂದ ಮೊಬೈಲಿನಲ್ಲಿ ತೆಗೆದದ್ದು ಹೊಳಪು ಹೊಡೆದಿದೆ. ಹೊರತೆಗೆದು 300 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ವಾಟ್ಸ್‌ಆ್ಯಪಿನಲ್ಲಾದರೆ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಬೀಳ್ಕೊಡುಗೆಯ ಹಾರ–ಶಾಲಿನ ಚಿತ್ರ ಬೇಡ, ಕೈ ಕಾಣುವ ಒಂದು ಚಿತ್ರ ಹುಡುಕಿ.

ಪದಮಿತಿ 700. ಹದಿನೈದು ದಿನದೊಳಗೆ ತಲುಪಿದರೆ ಮುಂದಿನ ಸಂಚಿಕೆಗೆ ಹಾಕುತ್ತೇವೆ. ಒಂದು ಮರೆತೆವು: ಆ ಬಿಸಿನೀರು ಇಡುತ್ತಿದ್ದವರು ಯಾರು, ಪಾತ್ರೆ ಹಿತ್ತಾಳೆಯದೋ ಸ್ಟೀಲಿನದೋ? ಅದನ್ನು ಬರೆದಿಲ್ಲ ನೀವು.