ಆಸ್ಪತ್ರೆಯ ಅನುಭವ ನೋಂದಣಿಗೆ ಸಾಕೇ?

ಪ್ರಶ್ನೆ: ಎಂ.ಎಸ್.ಡಬ್ಲ್ಯು. ಮುಗಿಸಿ ಪುಣೆಯ ಒಂದು ಆಸ್ಪತ್ರೆಯಲ್ಲಿ ಮೂರು ವರ್ಷಗಳಿಂದ ಸಮಾಜ ಕಾರ್ಯಕರ್ತೆಯಾಗಿದ್ದೇನೆ. ಅದರಲ್ಲಿ ಒಂದು ವರ್ಷ ಮನೋರೋಗ ವಿಭಾಗದಲ್ಲಿ ಕಳೆದಿದ್ದೇನೆ. ಮೂರು ಸಾವಿರ ಗಂಟೆಗಳ ಅನುಭವವಿದ್ದರೆ ಲೈಸೆನ್ಸ್ ಸಿಗುತ್ತದೆಂದು ಅಂತರ್ಜಾಲದಲ್ಲಿ ಓದಿದೆ. ಮಹಾರಾಷ್ಟ್ರದಲ್ಲಿ ಮನೋರೋಗ ಸಮಾಜ ಕಾರ್ಯಕರ್ತೆಯಾಗಿ ನೋಂದಾಯಿಸಿಕೊಳ್ಳಲು ಇದು ಸಾಕೇ?
– ಓದುಗರೊಬ್ಬರು, ಕೊಥ್ರೂಡ್, ಪುಣೆ

ಉತ್ತರ: ಸಾಲದು. ನೀವು ಓದಿದ ಲೆಕ್ಕ ಅಮೆರಿಕದ ಕ್ಯಾಲಿಫೋರ್ನಿಯಾದ್ದಿರಬೇಕು. ಅಲ್ಲಿ ಸ್ನಾತಕೋತ್ತರ ಪದವಿಯ ನಂತರ ರಾಜ್ಯದ ಮಂಡಳಿಯಲ್ಲಿ ಹೆಸರು ನೋಂದಾಯಿಸಿ, ಅರ್ಹ ಮೇಲ್ವಿಚಾರಕರ ಕೈಕೆಳಗೆ ಕನಿಷ್ಠ 104 ವಾರಗಳಲ್ಲಿ 3,000 ಗಂಟೆ ಕೆಲಸ ಮಾಡಿ, ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ಲೈಸೆನ್ಸ್ ಕೊಡುತ್ತಾರೆ. ನಮ್ಮಲ್ಲಿ ಅನುಭವದ ಗಂಟೆಗಳನ್ನು ಕೂಡಿಸಿ ನೋಂದಣಿ ಕೊಡುವ ಪದ್ಧತಿಯಿಲ್ಲ. ನಮ್ಮ ಕಾನೂನು ಮೇಲ್ವಿಚಾರಣೆಯ ತರಬೇತಿಯನ್ನು ಎಂ.ಫಿಲ್. ಕೋರ್ಸಿನೊಳಗೇ ಇಟ್ಟಿದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ, ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿಯನ್ನು ಒಳಗೊಂಡ ಮನೋರೋಗ ಸಮಾಜಕಾರ್ಯದ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಅನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆಯ ವಿಶ್ವವಿದ್ಯಾಲಯದಿಂದ ಪಡೆದವರು, ಅಥವಾ ನಿಯಮಗಳಲ್ಲಿ ಗೊತ್ತುಪಡಿಸಿದ ಬೇರೆ ಮಾನ್ಯ ಅರ್ಹತೆ ಉಳ್ಳವರು ಮನೋರೋಗ ಸಮಾಜ ಕಾರ್ಯಕರ್ತರು. ಇಂಥವರನ್ನು ನೋಂದಾಯಿಸುವ ಹೊಣೆಯನ್ನು 55ನೇ ಸೆಕ್ಷನ್ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಒಪ್ಪಿಸಿದೆ. ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ನೀವೀಗ ಮಾಡುತ್ತಿರುವ ಕೆಲಸಕ್ಕೆ ಇದರಿಂದ ಬಾಧೆಯಿಲ್ಲ.

ಹಾಗಾದರೆ ಮೂರು ವರ್ಷಗಳ ದುಡಿಮೆ ವ್ಯರ್ಥವೇ ಎಂದು ನಿಮಗೆ ಅನ್ನಿಸಬಹುದು. ಖಂಡಿತ ಅಲ್ಲ. ಆದರೆ ವಾರ್ಡಿನಲ್ಲಿ ಒಬ್ಬರೇ ದುಡಿದ ವರ್ಷವೂ ಮೇಲ್ವಿಚಾರಣೆಯಲ್ಲಿ ಕಲಿತ ವರ್ಷವೂ ಒಂದೇ ಅಲ್ಲ. ರೋಗಿಯ ಮನೆಗೆ ಹೋಗಿ ಬಂದು, ಕುಟುಂಬದ ಸ್ಥಿತಿಗತಿಯನ್ನು ಬರೆದು, ಅದನ್ನು ಮೇಲ್ವಿಚಾರಕರ ಮುಂದಿಟ್ಟಾಗ, "ಆತ್ಮಹತ್ಯೆಯ ಯೋಚನೆಯ ಬಗ್ಗೆ ಆಕೆಯನ್ನು ನೇರವಾಗಿ ಕೇಳಿದಿರಾ? ಕೇಳಲು ಯಾಕೆ ಹಿಂಜರಿದಿರಿ?" ಎಂದು ಅವರು ಕೇಳುತ್ತಾರಲ್ಲ, ಅಂಥ ಪ್ರಶ್ನೆಗಳನ್ನು ಎದುರಿಸುತ್ತಲೇ ಈ ವಿದ್ಯೆ ಕೈಗೂಡುವುದು. ನಮ್ಮ ತಪ್ಪು ತಿದ್ದುವವರಿಲ್ಲದಿದ್ದರೆ ಅದರ ಬೆಲೆಯನ್ನು ತೆರುವವರು ರೋಗಿಗಳು. ಆದ್ದರಿಂದಲೇ ಈ ಷರತ್ತನ್ನು ನಾನು ಮನಸಾರೆ ಒಪ್ಪುತ್ತೇನೆ. ಅಂಚೆ ಮೂಲಕ ಅಥವಾ ವಾರಾಂತ್ಯದ ತರಗತಿಗಳಲ್ಲಿ ಸಿಗುವ ಸಮಾಲೋಚನೆಯ ಡಿಪ್ಲೊಮಾಗಳಿಗೆ ಈ ಎಂ.ಫಿಲ್.ನ ಸ್ಥಾನವಿಲ್ಲ. ದಯವಿಟ್ಟು ಆ ಜಾಹೀರಾತುಗಳಿಗೆ ಹಣ ಕಳೆದುಕೊಳ್ಳಬೇಡಿ.

ಪ್ರವೇಶದ ವಿಷಯದಲ್ಲಿ ಒಂದು ಎಚ್ಚರಿಕೆ. 2022ರ ಯುಜಿಸಿ ನಿಯಮಗಳು ಎಂ.ಫಿಲ್. ಅನ್ನು ನಿಲ್ಲಿಸಿದ್ದವು, ಬಳಿಕ ಮನೋರೋಗ ಸಮಾಜಕಾರ್ಯ ಮತ್ತು ಕ್ಲಿನಿಕಲ್ ಸೈಕಾಲಜಿಗಳಿಗೆ ಮಾತ್ರ ವಿನಾಯಿತಿ ನೀಡಿ 2025–26ರವರೆಗೆ ಅವಧಿಯನ್ನು ವಿಸ್ತರಿಸಲಾಯಿತು. ಆದಕಾರಣ ನೀವು ಸೇರುವ ವರ್ಷ ಆ ಕೋರ್ಸಿಗೆ ಮಾನ್ಯತೆ ಇದೆಯೆಂಬುದನ್ನು ಸಂಸ್ಥೆಯಿಂದ ಲಿಖಿತವಾಗಿ ಪಡೆದ ಮೇಲೆಯೇ ಶುಲ್ಕ ಕಟ್ಟಿ. 2021ರ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯೂ ವೈದ್ಯಕೀಯ ಮತ್ತು ಮನೋರೋಗ ಸಮಾಜ ಕಾರ್ಯಕರ್ತರನ್ನು ತನ್ನ ವ್ಯಾಪ್ತಿಗೆ ತಂದಿರುವುದರಿಂದ, ಆ ಆಯೋಗದ ಪ್ರಕಟಣೆಗಳನ್ನೂ ಗಮನಿಸುತ್ತಿರಿ.

ಅರ್ಜಿ ಹಾಕುವಾಗ ಬೆಂಗಳೂರಿನ ನಿಮ್ಹಾನ್ಸ್ ಅನ್ನು ಮರೆಯಬೇಡಿ. ಅಲ್ಲಿ ರೋಗಿಗಳ ಮನೆಯವರೊಡನೆ ಮಾತಾಡಲು ನಿಮ್ಮ ಕನ್ನಡ ನೆರವಾಗುತ್ತದೆ. ಕಲಿತು ಮರಳಿದ ಮೇಲೂ ಅಷ್ಟೇ: ಕಲಬುರಗಿ, ವಿಜಯಪುರಗಳಿಂದ ಪುಣೆಗೆ ಕಟ್ಟಡ ಕೆಲಸಕ್ಕೆ ಬಂದು ಕಾಯಿಲೆ ಬಿದ್ದವರು, ಮರಾಠಿಯಲ್ಲಿ ಹೇಳಿಕೊಳ್ಳಲಾಗದ ಸಂಕಟವನ್ನು ನಿಮ್ಮ ಬಳಿ ತಮ್ಮ ಮಾತಿನಲ್ಲೇ ಹೇಳಿಕೊಳ್ಳಬಲ್ಲರು.